ಸೈಕಲ್ಲಿನ ಬೆನ್ನಿಗೆ ಬಂದ ಕೆಂಪು ದೀಪ

ಸೈಕಲ್ಲಿಗೆ ಮುಂದಿನ ದೀಪ ಬಂದು ಎಷ್ಟೋ ವರ್ಷಗಳಾದ ಮೇಲೆ ಹಿಂದಿನ ದೀಪ ಬಂತು. ಕಾರಣ ಸುಲಭವಾಗಿದೆ. ಮುಂದಿನ ದೀಪ ತುಳಿಯುವವನಿಗೆ ದಾರಿ ತೋರಿಸುತ್ತದೆ. ಹಿಂದಿನದು ಅವನಿಗೆ ಏನನ್ನೂ ತೋರಿಸುವುದಿಲ್ಲ, ಅವನನ್ನೇ ಬೇರೆಯವರಿಗೆ ತೋರಿಸುತ್ತದೆ. ತನ್ನ ಕಣ್ಣಿಗೆ ಬೀಳದ ದೀಪಕ್ಕೆ ದುಡ್ಡು ಹಾಕಲು ಯಾರಿಗೆ ಮನಸ್ಸು ಬರುತ್ತದೆ, ಹೇಳಿ? ನಮ್ಮ ಸಂಘಕ್ಕೆ ಬೆಳಗಿನ ಜಾವದ ಕತ್ತಲಲ್ಲೇ ಕ್ಯಾರಿಯರ್‌ಗೆ ಕ್ಯಾನು ಕಟ್ಟಿಕೊಂಡು ಹಾಲು ತರುವ ಸದಸ್ಯರು ಮೊದಲಿಂದಲೂ ಇದ್ದಾರೆ. ಹಾಗಾಗಿ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಆ ಪುಟ್ಟ ದೀಪದ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಬರೆಯೋಣ ಅನ್ನಿಸಿತು.

1880ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ಜೋಸೆಫ್ ಲೂಕಾಸ್ ಎಂಬಾತ ಎತ್ತರದ ಚಕ್ರದ ಸೈಕಲ್ಲುಗಳಿಗೆ ಎಣ್ಣೆ ದೀಪ ಮಾಡಿ ಮಾರುತ್ತಿದ್ದ. ಅದನ್ನು ಚಕ್ರದ ಒಳಗೇ, ಗುಂಬದ ಮೇಲೆ ನೇತುಹಾಕುತ್ತಿದ್ದರು. ಆ ಶತಮಾನ ಮುಗಿಯುವ ಹೊತ್ತಿಗೆ ಕಾರ್ಬೈಡ್ ದೀಪ ಬಂತು. ಮೇಲಿನ ಡಬ್ಬಿಯಿಂದ ನೀರು ತೊಟ್ಟಿಕ್ಕಿ ಕೆಳಗಿನ ಕಾರ್ಬೈಡ್ ಕಲ್ಲಿನ ಮೇಲೆ ಬಿದ್ದರೆ ಅಸಿಟಿಲೀನ್ ಅನಿಲ ಹುಟ್ಟಿ ಬೆಳ್ಳಗೆ ಉರಿಯುತ್ತಿತ್ತು. ಹಣ್ಣು ಮಾಗಿಸಲು ಬಳಸಕೂಡದೆಂದು ಈಗ ಕಾನೂನು ತಡೆದಿರುವ ಕಾರ್ಬೈಡ್ ಇದೇ ನೋಡಿ. ಬೆಳಕೇನೋ ಚೆನ್ನಾಗಿತ್ತು, ಆದರೆ ಅದೆಲ್ಲ ಮುಂದಕ್ಕೆ.

ಮೋಟಾರು ಹೆಚ್ಚಾದ ಮೇಲೆ ಇಂಗ್ಲೆಂಡಿನಲ್ಲಿ ದೊಡ್ಡ ಜಗಳವೇ ನಡೆಯಿತು. ಸೈಕಲ್ಲಿಗೆ ಹಿಂದೆಯೂ ದೀಪ ಕಡ್ಡಾಯ ಮಾಡಿ ಎಂದು ಮೋಟಾರಿನವರು ಕೇಳಿದರು. ಸೈಕಲ್ ಸಂಘದವರು ಸುತರಾಂ ಒಪ್ಪಲಿಲ್ಲ. ಹಿಂದಿನಿಂದ ಬರುವವನು ಕಣ್ಣು ಬಿಟ್ಟುಕೊಂಡು ಓಡಿಸಬೇಕು, ಅವನ ಹೊಣೆಯನ್ನು ನಮ್ಮ ತಲೆಗೆ ಯಾಕೆ ಕಟ್ಟುತ್ತೀರಿ ಎಂಬುದು ಅವರ ವಾದ. ಅದರಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಇನ್ನೊಂದು ತೊಡಕೂ ಇತ್ತು: ಬೆನ್ನ ಹಿಂದಿನ ಎಣ್ಣೆ ದೀಪ ಗಾಳಿಗೆ ಆರಿಹೋದರೆ ತುಳಿಯುವವನಿಗೆ ಗೊತ್ತೇ ಆಗುವುದಿಲ್ಲ. ಕೊನೆಗೆ ರಾಜಿಯಾಯಿತು. ಹಿಂದೆ ಕೆಂಪು ದೀಪ ಇಲ್ಲದಿದ್ದರೆ ಕೆಂಪು ರಿಫ್ಲೆಕ್ಟರ್ ಇರಲಿ, ಜೊತೆಗೆ ಬಿಳಿ ಬಣ್ಣದ ಪಟ್ಟೆ ಇರಲಿ ಎಂದು 1934ರ ಕಾನೂನು ಹೇಳಿತು. ನಮ್ಮ ಹಳೇ ಕರಿ ಸೈಕಲ್ಲುಗಳ ಹಿಂದಿನ ಮಡ್‌ಗಾರ್ಡ್ ತುದಿಯಲ್ಲಿ ಬಿಳಿ ಬಣ್ಣ ಬಳಿದಿರುವುದನ್ನು ಎಲ್ಲರೂ ಕಂಡಿದ್ದೇವೆ. ಅದನ್ನು ಅಲಂಕಾರ ಅಂತ ತಿಳಿದವರೇ ಹೆಚ್ಚು. ಅದು ಆ ರಾಜಿಯ ಗುರುತು.

1939ರಲ್ಲಿ ಯುದ್ಧ ಬಂತು. ಶತ್ರು ವಿಮಾನಗಳಿಗೆ ಊರು ಕಾಣಬಾರದೆಂದು ಬ್ರಿಟನ್ನಿನಲ್ಲಿ ಬೀದಿ ದೀಪಗಳನ್ನೆಲ್ಲ ಆರಿಸಿದರು. ಮೋಟಾರುಗಳ ದೀಪಕ್ಕೂ ಮುಸುಕು ಹಾಕಿಸಿದರು. ಮುಸುಕಿದ ದೀಪದ ಬೆಳಕಿಗೆ ರಿಫ್ಲೆಕ್ಟರ್ ಹೊಳೆಯುವುದಾದರೂ ಹೇಗೆ? 1941ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು 9 ಸಾವಿರಕ್ಕೂ ಮೇಲೆ. ಯುದ್ಧಕಾಲದಲ್ಲಿ ಸೈಕಲ್ಲಿಗೆ ಹಿಂದಿನ ಕೆಂಪು ದೀಪ ಕಡ್ಡಾಯವಾಯಿತು. 1945ರ ಕಾನೂನು ಅದನ್ನೇ ಶಾಶ್ವತ ಮಾಡಿತು.

ನಮ್ಮ ದೇಶಕ್ಕೆ ಬಂದದ್ದು ರಾಲೆ, ಹಂಬರ್, ಬಿ.ಎಸ್.ಎ. ಮುಂತಾದ ಇಂಗ್ಲಿಷ್ ಸೈಕಲ್ಲುಗಳು. ಆಮೇಲೆ ಮದರಾಸಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಸೋನಿಪತದಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೋ ಶುರುವಾದವು. ಬಿಳಿ ಬಣ್ಣವೂ ಕೆಂಪು ಗಾಜೂ ಹಾಗೇ ಉಳಿದುಕೊಂಡವು, ಹಿಂದಿನ ದೀಪ ಮಾತ್ರ ಬರಲಿಲ್ಲ. ಸಂಜೆ ಪೇಟೆಯಲ್ಲಿ ಪೊಲೀಸಿನವರು ಕೇಳುತ್ತಿದ್ದದ್ದೂ ಮುಂದಿನ ದೀಪವನ್ನೇ. ದೀಪವಿಲ್ಲದಿದ್ದರೆ ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದರು. ಅವರನ್ನು ದೂರದಿಂದ ಕಂಡ ಕೂಡಲೇ ಇಳಿದು, ಸಾಧುಗಳ ಹಾಗೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಹಿರಿಯರು ನಮ್ಮಲ್ಲೂ ಇದ್ದರು, ಬಿಡಿ. ಸೀಮೆಎಣ್ಣೆ ದೀಪ ಹೋಗಿ ಡೈನಮೋ ಬಂದ ಮೇಲೆ ಕೆಲವರು ಹಿಂದಕ್ಕೂ ಒಂದು ವೈರು ಎಳೆಸಿದರು. ಡೈನಮೋದ 3 ವ್ಯಾಟಿನಲ್ಲಿ ಮುಂದಿನ ಬಲ್ಬಿಗೆ 2.4, ಹಿಂದಿನದಕ್ಕೆ ಬರೀ 0.6. ಮುಂದಿನ ಬಲ್ಬು ಸುಟ್ಟರೆ ಅದರ ಹೊರೆಯೆಲ್ಲ ಹಿಂದಿನದರ ಮೇಲೆ ಬಿದ್ದು ಅದೂ ಹೋಗುತ್ತಿತ್ತು. ಸೈಕಲ್ ನಿಂತರಂತೂ ದೀಪವೇ ಇಲ್ಲ. ರಸ್ತೆ ದಾಟಲು ಕಾದು ನಿಂತವನು ಕತ್ತಲಲ್ಲಿ ಕತ್ತಲಾಗುತ್ತಿದ್ದ.

ಈ ತೊಂದರೆ ಕಳೆದದ್ದು ಎಲ್.ಇ.ಡಿ.ಯಿಂದ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಬೆಳಕಿನ ಎಲ್.ಇ.ಡಿ. ಮಾಡಿದರು. ಅದರ ಬಣ್ಣ ಕೆಂಪೇ ಆಗಿತ್ತು. ಸೈಕಲ್ಲಿನ ಹಿಂದಕ್ಕೆ ಬೇಕಾದ ಬಣ್ಣವೇ ಮೊದಲು ಸಿಕ್ಕಿದ್ದು ನಮ್ಮ ಪುಣ್ಯ ಎನ್ನಬೇಕು. ಒಳಗೆ ತಂತಿಯಿಲ್ಲ, ಗುಂಡಿಗೆ ಇಳಿದರೂ ಕೆಡುವುದಿಲ್ಲ, ಸಣ್ಣ ಸೆಲ್ಲಿನಲ್ಲಿ ಬಹಳ ಹೊತ್ತು ಉರಿಯುತ್ತದೆ, ಸೈಕಲ್ ನಿಂತರೂ ಆರುವುದಿಲ್ಲ. ಮಿನುಗುವ ದೀಪ ಬೇಕೋ ಬೇಡವೋ ಎಂಬ ಬಗ್ಗೆ ಈಗಲೂ ಒಮ್ಮತವಿಲ್ಲ. ಬ್ರಿಟನ್ 2005ರಲ್ಲಿ ಒಪ್ಪಿತು, ಜರ್ಮನಿಯ ನಿಯಮ ಒಪ್ಪಲಿಲ್ಲ. ಮಿನುಗು ಬೇಗ ಗಮನ ಸೆಳೆಯುತ್ತದೆ, ದೂರ ಎಷ್ಟೆಂದು ಅಳೆಯಲು ಮಾತ್ರ ಎಡೆಬಿಡದೆ ಉರಿಯುವುದೇ ವಾಸಿ ಎಂಬುದು ನಮ್ಮ ಅಭಿಪ್ರಾಯ.

ರಿಫ್ಲೆಕ್ಟರ್ ಇದೆಯಲ್ಲ, ಸಾಲದೇ ಎಂದು ಕೇಳುವವರುಂಟು. ಅದಕ್ಕೆ ಸ್ವಂತ ಬೆಳಕಿಲ್ಲ. ಬಂದ ಬೆಳಕನ್ನು ಬಂದ ಕಡೆಗೇ ಹಿಂತಿರುಗಿಸುತ್ತದೆ, ಅಷ್ಟೇ. ಹೆಡ್‌ಲೈಟ್ ಕೆಟ್ಟ ಟ್ರಾಕ್ಟರು ಹಿಂದಿನಿಂದ ಬಂದರೆ ಅದು ಇದ್ದೂ ಇಲ್ಲದ ಹಾಗೆ. ತಿರುವಿನಲ್ಲಿ ಬೆಳಕು ಪಕ್ಕಕ್ಕೆ ಬಿದ್ದಾಗಲೂ ಅದೇ ಕಥೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬಂದಿರುತ್ತದೆ. ಡ್ರೈವರ್ ಕಂಡು ಬ್ರೇಕಿಗೆ ಕಾಲಿಡುವಷ್ಟರಲ್ಲೇ ಆ ಸೆಕೆಂಡು ಕಳೆದಿರುತ್ತದೆ.

2006-07ರಿಂದ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಹೊತ್ತು ಮುಳುಗಿ ಮನೆಗೆ ಬರುವ ಸೈಕಲ್ಲುಗಳೂ ಹೆಚ್ಚಿದವು. ದೀಪ ಕೊಂಡವರು ಅದನ್ನು ಸೀಟಿನ ಕೆಳಗೆ ಕಟ್ಟುವುದನ್ನು ನೋಡಿದ್ದೇವೆ. ಪೇಟೆಯವರಿಗೆ ಅದು ಸರಿ. ನಮ್ಮಲ್ಲಿ ಹಾಲಿನ ಕ್ಯಾನೋ ಹುಲ್ಲಿನ ಹೊರೆಯೋ ಅದನ್ನು ಪೂರಾ ಮುಚ್ಚಿಬಿಡುತ್ತದೆ. ಕ್ಯಾರಿಯರ್‌ನ ಹಿಂದಿನ ತುದಿಗೆ, ನೆಲಕ್ಕೂ ಆಕಾಶಕ್ಕೂ ಅಲ್ಲದೆ ನೇರ ಹಿಂದಕ್ಕೆ ಮುಖ ಮಾಡಿ ಬಿಗಿಸಬೇಕು. ಹುಲ್ಲು ಇಳಿಬಿದ್ದಿದ್ದರೆ ಹಗ್ಗದಿಂದ ಎತ್ತಿ ಕಟ್ಟಬೇಕು. ಮಳೆಗಾಲದಲ್ಲಿ ಚಕ್ರದ ಕೆಸರೆಲ್ಲ ಅದರ ಮೇಲೇ ಹಾರುವುದರಿಂದ ಡೈರಿಯಲ್ಲಿ ಕ್ಯಾನು ಇಳಿಸಿದ ಮೇಲೆ ಒಮ್ಮೆ ಟವೆಲಿನಿಂದ ಒರೆಸಿ, ಉರಿಯುತ್ತಿದೆಯೇ ಅಂತ ಹಿಂದೆ ನಿಂತು ನೋಡಿ ಹೊರಡಬೇಕು.