ತೂಕ ಇಳಿಸುವ ಸರ್ಜರಿ ಬಳಿಕ ವಿಟಮಿನ್ ಕೊರತೆ: ವರ್ಷಗಳ ನಂತರ ಕಾಡುವುದೇಕೆ? ಮಾತ್ರೆ ಎಷ್ಟು ಕಾಲ ಬೇಕು?

ತೂಕ ಇಳಿಸುವ ಶಸ್ತ್ರಚಿಕಿತ್ಸೆ, ಅಂದರೆ ಬೇರಿಯಾಟ್ರಿಕ್ ಸರ್ಜರಿ ಮಾಡಿಸಿಕೊಂಡವರಿಗೆ ಮೊದಲ ವರ್ಷ ಸಾಮಾನ್ಯವಾಗಿ ಖುಷಿಯದ್ದೇ. ತೂಕ ಇಳಿಯುತ್ತದೆ, ಅನೇಕರಿಗೆ ಶುಗರ್, ಬಿಪಿ ಹತೋಟಿಗೆ ಬರುತ್ತವೆ. ಎರಡು-ಮೂರು ವರ್ಷ ಕಳೆಯುವಷ್ಟರಲ್ಲಿ ವೈದ್ಯರ ಭೇಟಿ ತಪ್ಪುತ್ತದೆ, ಮಾತ್ರೆಗಳೂ ನಿಲ್ಲುತ್ತವೆ. ಕೆಲವು ಮುಖ್ಯ ಕೊರತೆಗಳು ತಲೆ ಎತ್ತುವುದು ಆಗಲೇ. ಹೀಗಾಗಿ ಈ ಸರ್ಜರಿ ಆದವರಿಗೆ ವಿಟಮಿನ್ ಮಾತ್ರೆ ಜೀವನಪೂರ್ತಿ ಬೇಕು.

ಕೊರತೆ ಉಂಟಾಗುವುದು ಹೇಗೆ?

ಸ್ಲೀವ್ ಸರ್ಜರಿಯಲ್ಲಿ ಜಠರದ ಸುಮಾರು ಶೇ. 75ರಿಂದ 80ರಷ್ಟು ಭಾಗವನ್ನು ತೆಗೆಯಲಾಗುತ್ತದೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಸುವ ಚಿಕ್ಕ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಆಹಾರ ಸಣ್ಣ ಕರುಳಿನ ಮೊದಲ ಭಾಗವನ್ನು ಮುಟ್ಟುವುದೇ ಇಲ್ಲ. ಕಬ್ಬಿಣಾಂಶ, ಕ್ಯಾಲ್ಸಿಯಂ ಮುಖ್ಯವಾಗಿ ದೇಹ ಸೇರುವುದು ಅಲ್ಲಿಂದಲೇ.

ಆಹಾರದಲ್ಲಿರುವ ಬಿ12 ಬಿಡುಗಡೆಯಾಗಲು ಜಠರದ ಆಮ್ಲ ಬೇಕು. ಅದನ್ನು ಕರುಳು ಹೀರಿಕೊಳ್ಳಲು ಜಠರದಲ್ಲೇ ತಯಾರಾಗುವ ಒಂದು ಪ್ರೋಟೀನ್ ಬೇಕು. ಸರ್ಜರಿ ಬಳಿಕ ಎರಡೂ ಕಡಿಮೆಯಾಗುತ್ತವೆ. ಜೊತೆಗೆ ಊಟದ ಪ್ರಮಾಣವೂ ತಗ್ಗಿರುತ್ತದೆ.

ತಡವಾಗಿ ಗೊತ್ತಾಗುವುದೇಕೆ?

ಬಿ12 ಲಿವರ್‌ನಲ್ಲಿ ಕೆಲವು ವರ್ಷಗಳಿಗೆ ಸಾಕಾಗುವಷ್ಟು ಸಂಗ್ರಹವಾಗಿರುತ್ತದೆ. ಮೊದಲ ವರ್ಷದ ರಕ್ತಪರೀಕ್ಷೆ ಸರಿಯಾಗಿದೆ ಎಂದು ಮಾತ್ರೆ ಬಿಟ್ಟರೆ, ಈ ಸಂಗ್ರಹ ಸದ್ದಿಲ್ಲದೆ ಕರಗುತ್ತಾ ಹೋಗುತ್ತದೆ. ಸಸ್ಯಾಹಾರಿಗಳಿಗೆ ಅಪಾಯ ಇನ್ನೂ ಹೆಚ್ಚು. ಸೊಪ್ಪು, ಕಾಳು, ಧಾನ್ಯಗಳಲ್ಲಿ ಬಿ12 ಇಲ್ಲ. ಅವರಿಗೆ ಸಿಗುವುದು ಹಾಲು, ಮೊಸರಿನಿಂದ ಮಾತ್ರ. ಶುಗರ್‌ಗೆ ಮೆಟ್‌ಫಾರ್ಮಿನ್, ಎದೆಯುರಿಗೆ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯನ್ನು ದೀರ್ಘಕಾಲ ತೆಗೆದುಕೊಳ್ಳುವವರಲ್ಲೂ ಬಿ12 ಇಳಿಯಬಹುದು.

ಈ ಲಕ್ಷಣಗಳನ್ನು ಕಡೆಗಣಿಸಬೇಡಿ

ಬಿ12: ಕೈಕಾಲು ಜೋಮು, ಪಾದ ಉರಿ, ನಡೆಯುವಾಗ ತೂರಾಡುವುದು, ಮರೆವು. ಚಿಕಿತ್ಸೆ ತಡವಾದರೆ ನರಗಳಿಗೆ ಆದ ಹಾನಿ ಪೂರ್ತಿ ಸರಿಹೋಗದೇ ಇರಬಹುದು.

ಕಬ್ಬಿಣಾಂಶ: ಸುಸ್ತು, ಏದುಸಿರು, ಕೂದಲು ಉದುರುವುದು. ಮುಟ್ಟಾಗುವ ಮಹಿಳೆಯರಲ್ಲಿ ಹೆಚ್ಚು.

ಕ್ಯಾಲ್ಸಿಯಂ, ವಿಟಮಿನ್ ಡಿ: ಮೂಳೆ ನೋವು, ಸ್ನಾಯು ಸೆಳೆತ. ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಿದ್ದರೂ, ದೇಹ ಅದನ್ನು ಮೂಳೆಯಿಂದಲೇ ಎಳೆದುಕೊಳ್ಳುತ್ತಿರಬಹುದು.

ವಿಟಮಿನ್ ಎ: ಸಂಜೆಯ ಮಬ್ಬು ಬೆಳಕಿನಲ್ಲಿ ಕಣ್ಣು ಕಾಣದಿರುವುದು.

ಬಿ1 ಅಥವಾ ಥಯಾಮಿನ್: ದೇಹದಲ್ಲಿ ಇದರ ಸಂಗ್ರಹ ಎರಡು-ಮೂರು ವಾರಕ್ಕಷ್ಟೇ ಸಾಕು. ಸರ್ಜರಿ ಆದವರಿಗೆ ಬಿಡದೆ ವಾಂತಿಯಾಗುತ್ತಿದ್ದು, ದೃಷ್ಟಿ ಎರಡೆರಡಾಗಿ ಕಂಡರೆ, ಗೊಂದಲ ಅಥವಾ ತೂರಾಟ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಸರ್ಜರಿ ಆಗಿರುವುದನ್ನು ಮೊದಲೇ ತಿಳಿಸಿ. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಮೆದುಳಿನ ಸಮಸ್ಯೆ ಉಲ್ಬಣಿಸಬಹುದು.

ಎಷ್ಟು ಪ್ರಮಾಣ ಬೇಕು?

ಅಂತರರಾಷ್ಟ್ರೀಯ ಮಾರ್ಗಸೂಚಿಗಳ ಪ್ರಕಾರ, ಬಿ12 ಮಾತ್ರೆಯಾದರೆ ದಿನಕ್ಕೆ 350ರಿಂದ 1,000 ಮೈಕ್ರೋಗ್ರಾಂ, ಇಂಜೆಕ್ಷನ್ ಆದರೆ ತಿಂಗಳಿಗೊಮ್ಮೆ 1,000 ಮೈಕ್ರೋಗ್ರಾಂ. ಸ್ಲೀವ್, ಬೈಪಾಸ್ ಆದವರಿಗೆ ಆಹಾರವೂ ಸೇರಿ ಕ್ಯಾಲ್ಸಿಯಂ ದಿನಕ್ಕೆ 1,200ರಿಂದ 1,500 ಮಿ.ಗ್ರಾಂ. ವಿಟಮಿನ್ ಡಿ ಸಾಮಾನ್ಯವಾಗಿ 3,000 ಐಯು. ಮುಟ್ಟಾಗುವ ಮಹಿಳೆಯರಿಗೆ ಮತ್ತು ಬೈಪಾಸ್ ಆದವರಿಗೆ ಕಬ್ಬಿಣಾಂಶ 45ರಿಂದ 60 ಮಿ.ಗ್ರಾಂ. ನಿಮಗೆ ಎಷ್ಟು ಬೇಕೆಂಬುದನ್ನು ರಕ್ತಪರೀಕ್ಷೆ ನೋಡಿ ವೈದ್ಯರೇ ನಿರ್ಧರಿಸಬೇಕು.

ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಕನಿಷ್ಠ 2 ಗಂಟೆ ಅಂತರವಿರಲಿ. ಕಾಫಿ, ಟೀ ಜೊತೆ ಕಬ್ಬಿಣಾಂಶದ ಮಾತ್ರೆ ನುಂಗಬೇಡಿ. ಕ್ಯಾಲ್ಸಿಯಂ ಸಿಟ್ರೇಟ್ ಹೀರಲ್ಪಡಲು ಜಠರದ ಆಮ್ಲ ಬೇಕಿಲ್ಲ, ಹಾಗಾಗಿ ಇವರಿಗೆ ಅದೇ ಸೂಕ್ತ. ರಕ್ತಹೀನತೆ ಎಂದು ಸ್ವಂತವಾಗಿ ಬರೀ ಫೋಲಿಕ್ ಆಸಿಡ್ ತೆಗೆದುಕೊಳ್ಳಬೇಡಿ. ಅದು ರಕ್ತದ ವರದಿಯನ್ನು ಸುಧಾರಿಸಿದರೂ, ಬಿ12 ಕೊರತೆಯಿಂದ ನರಗಳಿಗಾಗುವ ಹಾನಿಯನ್ನು ತಡೆಯುವುದಿಲ್ಲ.

ಪರೀಕ್ಷೆ ಯಾವಾಗ?

ಸರ್ಜರಿಗೆ ಮುನ್ನ ಒಮ್ಮೆ, ಮೊದಲ ವರ್ಷ ವೈದ್ಯರು ಹೇಳಿದಂತೆ ಕೆಲವು ಬಾರಿ, ನಂತರ ವರ್ಷಕ್ಕೊಮ್ಮೆ. ಗರ್ಭಧಾರಣೆಯನ್ನು ಸರ್ಜರಿ ನಂತರ 12ರಿಂದ 18 ತಿಂಗಳು ಮುಂದೂಡಲು ವೈದ್ಯರು ಸಲಹೆ ನೀಡುತ್ತಾರೆ.

ಕೆಲಸದ ನಿಮಿತ್ತ ಊರು ಬದಲಿಸುವವರು ಡಿಸ್ಚಾರ್ಜ್ ಸಮ್ಮರಿಯ ಪ್ರತಿಯನ್ನು ಮೊಬೈಲ್‌ನಲ್ಲೂ ಇಟ್ಟುಕೊಳ್ಳಿ. ಐದು ವರ್ಷದ ಬಳಿಕ ಕಾಲು ಜೋಮು ಎಂದು ಹೊಸ ಊರಿನ ವೈದ್ಯರ ಬಳಿ ಹೋದಾಗ, ಯಾವ ಸರ್ಜರಿ, ಯಾವಾಗ ಆಯಿತು ಎಂಬುದು ಅವರಿಗೆ ಮೊದಲು ಗೊತ್ತಾಗಬೇಕು.