ತಿಂಗಳಿಗೆ ಒಂಬತ್ತು

ನಮ್ಮ ಕಡೆ ಮನೆಗಳಲ್ಲಿ ‘ಹೊರಗಾಗಿದ್ದಾಳೆ’ ಅಂತಷ್ಟೇ ಹೇಳಿ ಮಾತು ಮುಗಿಸುತ್ತಿದ್ದರು. ಮುಟ್ಟಿನ ಬಟ್ಟೆ ಒಗೆದು, ಗಂಡಸರ ಕಣ್ಣಿಗೆ ಬೀಳದ ಹಾಗೆ ಬಚ್ಚಲ ಮೂಲೆಯಲ್ಲೋ ಸೀರೆಯ ಅಡಿಯಲ್ಲೋ ಒಣಹಾಕುತ್ತಿದ್ದರು.

ನಾನು ನೆಲೆಸಿರುವ ಈ ಎಣ್ಣೂರಿನ ತಮಿಳುನಾಡಿನಲ್ಲಿ 2011ರಲ್ಲಿ ಸರ್ಕಾರವೇ ಆ ಮಾತೆತ್ತಿತು. ‘ಪುದು ಯುಗಂ’ ಯೋಜನೆ ಘೋಷಿಸಿ, ಹಳ್ಳಿಗಳ 10ರಿಂದ 19 ವರ್ಷದ ಹುಡುಗಿಯರಿಗೆ ಉಚಿತ ಪ್ಯಾಡ್ ಕೊಡಲು ಹೊರಟಿತು. ಕರ್ನಾಟಕದ ‘ಶುಚಿ’ ಬಂದದ್ದು 2013-14ರಲ್ಲಿ. ಕೋವಿಡ್ ಕಾಲದಲ್ಲಿ ನಿಂತು, 2024ರಲ್ಲಿ ಮತ್ತೆ ಶುರುವಾಯಿತು.

ಬ್ಯಾಂಕಿನವನಿಗೆ ಲೆಕ್ಕ ಹಾಕದೆ ಸಮಾಧಾನವಿಲ್ಲ ನೋಡಿ. ಪುದು ಯುಗಂ ಶುರುವಾದಾಗ ವರ್ಷಕ್ಕೆ 18 ಪ್ಯಾಕೆಟ್, ಒಂದರಲ್ಲಿ 6 ಪ್ಯಾಡ್. ಒಟ್ಟು 108, ಅಂದರೆ ತಿಂಗಳಿಗೆ 9. ಆರು ಗಂಟೆಗೊಮ್ಮೆ ಬದಲಿಸಿದರೆ ಐದು ದಿನಕ್ಕೆ 20 ಬೇಕು. ಉಳಿದ 11ಕ್ಕೆ ಏನು ಮಾಡಬೇಕು? ಕೊಳ್ಳಲಾಗದ ಹುಡುಗಿಗೆ ಮತ್ತೆ ಹಳೇ ಬಟ್ಟೆಯೇ ಗತಿ.

ಬಟ್ಟೆಯೇನೂ ಕೆಟ್ಟದ್ದಲ್ಲ. ಸೋಪು ಹಾಕಿ ಒಗೆದು ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಬೇಕು, ಅಷ್ಟೆ. ಬಿಸಿಲಿಗೆ ಕಾಸು ಕೊಡಬೇಕಿಲ್ಲ. ಆದರೆ ನಾಚಿಕೆಗೆ ಅದು ಕತ್ತಲೆ ಸೇರುತ್ತದೆ, ಹಸಿಯಾಗಿಯೇ ಮೈಗೆ ಬರುತ್ತದೆ, ತುರಿಕೆ, ಸೋಂಕು ತರುತ್ತದೆ.

ಪ್ಯಾಡನ್ನು ಸರ್ಕಾರ ಕೊಟ್ಟೀತು. ಅಂಗಳದ ಹಗ್ಗದ ಮೇಲೆ ಒಂದು ಗೇಣು ಜಾಗ ಬಿಟ್ಟುಕೊಡಬೇಕಾದವರು ಮನೆಯ ಗಂಡಸರಾದ ನಾವು.