ಮೂರನೆಯ ಸಾಲಿನ ಆಸನಗಳು



ಮೂರು ದಶಕಗಳ ಕಾಲ ತರಗತಿಯಲ್ಲಿ ರಾಜರ ಆನೆ, ಕುದುರೆ, ರಥಗಳ ವಿಚಾರವಾಗಿ ಪಾಠ ಹೇಳಿದವನು ನಾನು. ಮದುವೆಯ ದಿಬ್ಬಣವನ್ನು ಹೊತ್ತು ಮಲೆನಾಡಿನ ಕೆಸರು ರಸ್ತೆಯಲ್ಲಿ ಏದುಸಿರು ಬಿಡುತ್ತಿದ್ದ ಜೀಪಿನ ಬಗೆಗೆ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಆ ಕೊರತೆಯನ್ನು ಈ ಲೇಖನದಲ್ಲಿ ತುಸುವಾದರೂ ನೀಗಿಸಬೇಕೆಂಬುದು ನನ್ನ ಅಪೇಕ್ಷೆ. ನಮ್ಮ ಮನೆಯ ಇನ್ನೋವಾ ಗಾಡಿಯನ್ನು ಇಟ್ಟುಕೊಳ್ಳುವುದೋ ಕೊಡುವುದೋ ಎಂಬ ಚರ್ಚೆಯೇ ಇದಕ್ಕೆ ನೆಪ. ಆ ವಿಚಾರಕ್ಕೆ ಮುಂದೆ ಬರುತ್ತೇನೆ.

ಮಹೀಂದ್ರ ಸಂಸ್ಥೆಯು 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶಕ್ಕೆ ತಂದು ಜೋಡಿಸಲಾರಂಭಿಸಿತು. ಯುದ್ಧಕ್ಕಾಗಿ ಹುಟ್ಟಿದ ಆ ವಾಹನ ನಮ್ಮಲ್ಲಿ ಅರಣ್ಯ ಇಲಾಖೆಯವರ, ಎಸ್ಟೇಟಿನವರ, ಕಡೆಗೆ ಊರಿನವರೆಲ್ಲರ ಗಾಡಿಯಾಯಿತು. ಉದ್ದವಾಗಿಸಿದ ಜೀಪಿನ ಹಿಂಭಾಗದಲ್ಲಿ ಎದುರುಬದುರಾಗಿ ಎರಡು ಬೆಂಚುಗಳು. ಎಷ್ಟು ಮಂದಿ ಕೂರಬಹುದು ಎಂಬ ಪ್ರಶ್ನೆಗೆ ಆ ಬೆಂಚುಗಳು ಎಂದೂ ಖಚಿತ ಉತ್ತರ ಕೊಡಲಿಲ್ಲ. 'ಇನ್ನೊಬ್ಬರು ಸರಿದು ಕೂತರೆ ಆಯಿತು' ಎಂಬ ಮಾತು ನಮ್ಮ ಪ್ರಯಾಣದ ಸಂವಿಧಾನವಾದದ್ದು ಅಲ್ಲಿಂದಲೇ ಎಂದು ನನ್ನ ಊಹೆ. ಅಂಬಾಸಿಡರ್ ಕಾರೂ ಈ ವಿಷಯದಲ್ಲಿ ಉದಾರಿಯೇ. ಐವರಿಗೆಂದು ಮಾಡಿದ ಆ ಕಾರಿನಲ್ಲಿ ನಾವು ಎಂಟು ಜನ ಧರ್ಮಸ್ಥಳಕ್ಕೆ ಹೋಗಿ ಬಂದದ್ದುಂಟು.

1994ರಲ್ಲಿ ಟಾಟಾ ಸುಮೋ ಬಂದಿತು. ಹೆಸರು ಕೇಳಿದವರೆಲ್ಲ ಜಪಾನಿನ ದೈತ್ಯ ಕುಸ್ತಿಪಟುಗಳನ್ನು ನೆನೆದರು. ವಾಸ್ತವದಲ್ಲಿ ಅದು ಟೆಲ್ಕೋ ಸಂಸ್ಥೆಯನ್ನು ಬಹುಕಾಲ ಮುನ್ನಡೆಸಿದ ಸುಮಂತ್ ಮೂಳಗಾಂವಕರ್ ಅವರ ಹೆಸರಿನ ಮೊದಲಕ್ಷರಗಳಿಂದ ಹುಟ್ಟಿದ ಪದ. ಹತ್ತು ಜನರ ಗಾಡಿ ಎಂದೇ ಅದು ಪ್ರಸಿದ್ಧವಾಯಿತು. ಹಿಂಬದಿಯ ಬೆಂಚುಗಳು ಮಾತ್ರ ಜೀಪಿನವೇ. ತಲೆಯ ಮೇಲೆ ಗಟ್ಟಿ ಮಾಡು ಬಂದಿತ್ತು; ಮೊಣಕಾಲಿಗೆ ಮೊಣಕಾಲು ತಾಗಿಸಿ ಅಡ್ಡಕ್ಕೆ ಕೂರುವ ಕಷ್ಟ ಹಾಗೆಯೇ ಉಳಿದಿತ್ತು.

ನಮ್ಮ ರಾಜ್ಯದ ಪಾತ್ರ ಆರಂಭವಾಗುವುದು ಇದಾದ ಮೇಲೆ. ಟೊಯೋಟಾ ಮತ್ತು ಕಿರ್ಲೋಸ್ಕರ್ ಸಮೂಹಗಳು ಕೂಡಿ 1997ರಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿ, ಅಂದಿನ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದ ಬಿಡದಿಯಲ್ಲಿ ಕಾರ್ಖಾನೆ ಕಟ್ಟಿದವು. ಮೈಸೂರು ರಸ್ತೆಯ ಪ್ರಯಾಣಿಕರಿಗೆ ಅಲ್ಲಿಯವರೆಗೆ ಬಿಡದಿ ಎಂದರೆ ತಟ್ಟೆ ಇಡ್ಲಿ. 2000ದ ಜನವರಿಯಲ್ಲಿ ಅಲ್ಲಿಂದ ಕ್ವಾಲಿಸ್ ಹೊರಬಂದಿತು. ಅದು ಹೊಸ ಗಾಡಿಯೇನೂ ಆಗಿರಲಿಲ್ಲ. ಇಂಡೊನೇಷ್ಯಾದಲ್ಲಿ 1977ರಿಂದ ಮಾರಾಟದಲ್ಲಿದ್ದ ಕಿಜಾಂಗ್ ಎಂಬ ವಾಹನದ ಮೂರನೆಯ ಪೀಳಿಗೆ, ಅಂದರೆ 1986ರ ಮಾದರಿಯ ರೂಪಾಂತರ. ಕಿಜಾಂಗ್ ಎಂದರೆ ಅಲ್ಲಿನ ಭಾಷೆಯಲ್ಲಿ ಒಂದು ಬಗೆಯ ಜಿಂಕೆ. ನಮ್ಮ ಮಲೆನಾಡಿನವರು ಕಾಡುಕುರಿ ಎನ್ನುವ ಪ್ರಾಣಿಯ ಬಳಗದ್ದು. ಕಾಡುಕುರಿಯೊಂದು ಸಮುದ್ರ ದಾಟಿ ಬಿಡದಿಗೆ ಬಂದು ಹೆಸರು ಬದಲಿಸಿಕೊಂಡಿತೆನ್ನಿ!

ಹಳೆಯ ವಿನ್ಯಾಸವೆಂದು ವಿಮರ್ಶಕರು ಮೂಗು ಮುರಿದರೂ ಕ್ವಾಲಿಸ್ ಗೆದ್ದಿತು. ಕಾರಣ ಸರಳ. ಅದು ಕೆಟ್ಟು ನಿಲ್ಲುತ್ತಿರಲಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ, ಕಾಲ್ ಸೆಂಟರುಗಳ ಹುಡುಗ ಹುಡುಗಿಯರನ್ನು ಅಪರಾತ್ರಿಯಲ್ಲಿ ಮನೆ ಮುಟ್ಟಿಸಿದ ಗಾಡಿಗಳಲ್ಲಿ ಅದು ಪ್ರಮುಖವಾದುದು. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಅದರ ಹಿಂದಿನ ಸೀಟಿನಲ್ಲಿ ನಿದ್ರಿಸಿದವರು, ಒಬ್ಬಿಬ್ಬರು ಚಾಲಕನ ಸೀಟಿನಲ್ಲಿ ನಿದ್ರೆಗೆಟ್ಟವರು. ಇಬ್ಬರನ್ನೂ ನಾನು ಒಂದೇ ಅಭಿಮಾನದಿಂದ ನೆನೆಯುತ್ತೇನೆ. ಕಾರ್ಖಾನೆಯ ಚರಿತ್ರೆಯೆಲ್ಲ ಸುಖಕರವೇನಲ್ಲ. 2006, 2014 ಮತ್ತು 2020ರಲ್ಲಿ ಕಾರ್ಮಿಕರ ವಿವಾದದಿಂದ ಬಾಗಿಲು ಹಾಕಿದ್ದೂ ಉಂಟು. ಗ್ರಾಮೀಣ ಭಾಗದ ಬಡ ಮಕ್ಕಳಿಗಾಗಿ 2007ರಲ್ಲಿ ಅಲ್ಲಿಯೇ ತಾಂತ್ರಿಕ ತರಬೇತಿ ಶಾಲೆ ಆರಂಭವಾದದ್ದನ್ನೂ ಮೇಷ್ಟರಾದ ನಾನು ಬರೆಯದೆ ಬಿಡಲಾರೆ.

ಚೆನ್ನಾಗಿ ಮಾರಾಟವಾಗುತ್ತಿದ್ದ ಕ್ವಾಲಿಸ್ಸನ್ನು 2005ರಲ್ಲಿ ನಿಲ್ಲಿಸಿ ಇನ್ನೋವಾವನ್ನು ತಂದರು. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ನಿಜವಾದ ತಿರುವು ಇದೇ. ಹಿಂಬದಿಯ ಪಟ್ಟಿ ಸ್ಪ್ರಿಂಗುಗಳು ಹೋಗಿ ಸುರುಳಿ ಸ್ಪ್ರಿಂಗುಗಳು ಬಂದವು. ಅಡ್ಡ ಬೆಂಚುಗಳು ಮಾಯವಾಗಿ ಮೂರನೆಯ ಸಾಲು ಮುಖವನ್ನು ಮುಂದಕ್ಕೆ ತಿರುಗಿಸಿತು. ಏಳು ಅಥವಾ ಎಂಟು ಆಸನ, ಅಷ್ಟೇ. ಹಿಂದೆ ಕುಳಿತವರು ಸರಕಲ್ಲ, ಪ್ರಯಾಣಿಕರು ಎಂದು ಗಾಡಿಯೇ ಹೇಳಿದಂತಾಯಿತು. ಏಕೆಂದರೆ ಆ ಹಿಂಬದಿಯಲ್ಲಿ ಕೂರುತ್ತಿದ್ದವರು ಯಾರು? ಮುಂದಿನ ಸೀಟು ಯಜಮಾನರಿಗೆ, ನಡುವಿನದು ಹಿರಿಯರಿಗೆ ಮತ್ತು ಬೀಗರಿಗೆ. ಹಿಂದೆ ಮಕ್ಕಳು, ಸೊಸೆಯಂದಿರು, ಬುತ್ತಿಯ ಡಬ್ಬಿಗಳು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದವರೂ ಅವರೇ. ಹಿಂದಿನ ಅಚ್ಚಿನ ಮೇಲೆ ಅಡ್ಡಕ್ಕೆ ಕುಳಿತವರಿಗೆ ಪ್ರತಿಯೊಂದು ಕುಲುಕಾಟವೂ ಇಮ್ಮಡಿ.

ನಮ್ಮ ಮಗ 2010ರಲ್ಲಿ ಇನ್ನೋವಾ ಡೀಸೆಲ್ ಗಾಡಿ ಕೊಂಡನು. ಒಂದೂವರೆ ಟನ್ನಿಗೂ ಮಿಗಿಲಾದ ತೂಕ, ನಾಲ್ಕೂವರೆ ಮೀಟರಿಗೂ ಮಿಗಿಲಾದ ಉದ್ದ. ನಾನೂ ಹಲವು ವರ್ಷ ಓಡಿಸಿದ್ದೇನೆ. ಒಬ್ಬನೇ ಇದ್ದಾಗ ಅದು ಒಂದು ಗಾಡಿ, ಏಳು ಮಂದಿ ತುಂಬಿದಾಗ ಇನ್ನೊಂದೇ ಗಾಡಿ. ಬ್ರೇಕು ಹಿಡಿದರೆ ನಿಲ್ಲಲು ಹೆಚ್ಚು ದೂರ ಬೇಕು. ಓವರ್‌ಟೇಕ್ ಮಾಡುವ ಮುನ್ನ ಎರಡು ಬಾರಿ ಯೋಚಿಸಬೇಕು. ಘಾಟಿ ಇಳಿಯುವಾಗ ಕೆಳಗಿನ ಗೇರಿನಲ್ಲೇ ಬಿಟ್ಟು ಎಂಜಿನ್ನಿನ ಹಿಡಿತದಿಂದ ಇಳಿಸಬೇಕು. ಬರಿಯ ಬ್ರೇಕನ್ನು ನಂಬಿದರೆ ಅದು ಕಾದು ಕೈಕೊಡುತ್ತದೆ. ಮೂರೂ ಸಾಲು ತುಂಬಿದರೆ ಹಿಂದೆ ಎರಡು ಚೀಲಕ್ಕೂ ಜಾಗವಿರದು ಎಂಬುದು ಕೊಳ್ಳುವವರೆಗೆ ಯಾರಿಗೂ ಹೊಳೆಯುವುದಿಲ್ಲ.

ಇನ್ನೊಂದು ಮಾತನ್ನು ಬಂಧುಗಳಿಗಾಗಿಯೇ ಹೇಳಬೇಕು. ಗಾಡಿಯಲ್ಲಿ ಎಷ್ಟು ಬೆಲ್ಟು ಉಂಟೋ ಅಷ್ಟೇ ಜನ ಎಂಬ ನಿಯಮವನ್ನು ನಾನು ಮೊದಲ ದಿನದಿಂದ ಪಾಲಿಸಿದೆ. ಮದುವೆಯೊಂದಕ್ಕೆ ಹೊರಟಾಗ ಒಂಬತ್ತನೆಯವರನ್ನು, ಹತ್ತನೆಯವರನ್ನು ಹತ್ತಿಸಿಕೊಳ್ಳದೆ ಬಸ್ಸಿನ ಹಣ ಕೈಗಿತ್ತು ಕಳುಹಿಸಿದೆ. 'ಹಿಂದೆ ಜಾಗ ಇತ್ತಲ್ಲ ಭಾವ' ಎಂದು ಅಂದು ಕೇಳಿದವರು ಇಂದಿಗೂ ಅದನ್ನು ಮರೆತಿಲ್ಲವೆಂದು ಬಲ್ಲೆ. ಮನಸ್ಸಿಗೆ ನೋವಾಗಿದ್ದರೆ ವಿಷಾದವಿದೆ; ನಿಯಮದ ಬಗೆಗೆ ವಿಷಾದವಿಲ್ಲ. ಅವರು ಕೇಳಿದ್ದು ಜೀಪಿನ ಕಾಲದ ಪ್ರಶ್ನೆ. ಗಾಡಿ ಬದಲಾಗಿತ್ತು, ನಮ್ಮ ಲೆಕ್ಕ ಬದಲಾಗಿರಲಿಲ್ಲ. ಮುಂದಕ್ಕೆ ಮುಖಮಾಡಿದ ಹಿಂದಿನ ಆಸನದಲ್ಲಿಯೂ ಬೆಲ್ಟು ಧರಿಸಬೇಕೆಂಬ ಕಾನೂನು ಮೊದಲಿನಿಂದಲೂ ಇದೆ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕುಳಿತು ಅಪಘಾತದಲ್ಲಿ ತೀರಿಕೊಂಡ ಮೇಲಷ್ಟೇ ಅನೇಕರಿಗೆ ಅದು ನೆನಪಾಯಿತು.

ಇನ್ನೋವಾ ಎಸ್‌ಯುವಿ ಹೌದೋ ಅಲ್ಲವೋ ಎಂದು ನಮ್ಮ ಮೊಮ್ಮಗ ವಾದಿಸುತ್ತಾನೆ. ಜನ ಅದನ್ನು 'ದೊಡ್ಡ ಗಾಡಿ' ಎನ್ನುತ್ತಾರೆ, ಅಷ್ಟು ಸಾಕು. ಸರ್ಕಾರವೂ ಈ ಜಗಳದಿಂದ ಬೇಸತ್ತಿರಬೇಕು. ನಾಲ್ಕು ಮೀಟರಿಗಿಂತ ಉದ್ದ, 1500 ಸಿಸಿಗಿಂತ ದೊಡ್ಡ ಎಂಜಿನ್, ನೆಲದಿಂದ 170 ಮಿಲಿಮೀಟರ್ ಅಥವಾ ಹೆಚ್ಚಿನ ಎತ್ತರವಿದ್ದರೆ, ಯಾವ ಹೆಸರಿನಿಂದ ಕರೆದರೂ ಒಂದೇ ತೆರಿಗೆ ಎಂದು ಜಿಎಸ್‌ಟಿ ಮಂಡಳಿ 2023ರ ಜುಲೈಯಲ್ಲಿ ತೀರ್ಮಾನಿಸಿತು. ಅಷ್ಟರಲ್ಲಿ ಇನ್ನೋವಾವೇ ಬದಲಾಗಿತ್ತು. 2022ರ ನವೆಂಬರ್ 25ರಂದು ಅನಾವರಣಗೊಂಡ ಹೈಕ್ರಾಸ್ ಮಾದರಿಯಲ್ಲಿ ಹಳೆಯ ಲಾರಿಯಂಥ ಚಾಸಿ ಇಲ್ಲ, ಹಿಂದಿನ ಚಕ್ರಗಳ ಬದಲು ಮುಂದಿನವು ಗಾಡಿಯನ್ನೆಳೆಯುತ್ತವೆ. ಬಿಡದಿಯ ಸಂಸ್ಥೆಯನ್ನು ಕಟ್ಟಿದ ವಿಕ್ರಮ್ ಕಿರ್ಲೋಸ್ಕರ್ ಅವರು ಅದಾದ ನಾಲ್ಕೇ ದಿನಗಳಲ್ಲಿ ನಿಧನರಾದರು.

ನಮ್ಮ ಗಾಡಿಗೆ 2025ರಲ್ಲಿ ಹದಿನೈದು ವರ್ಷ ತುಂಬಿತು. ದೆಹಲಿಯಲ್ಲಿದ್ದಿದ್ದರೆ ಹತ್ತಕ್ಕೇ ಡೀಸೆಲ್ ಗಾಡಿಯ ಆಯುಷ್ಯದ ಪ್ರಶ್ನೆ ಏಳುತ್ತಿತ್ತು. ನಮ್ಮಲ್ಲಿ ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. ಕೊಟ್ಟುಬಿಡಿ ಎಂದು ಮಗ ಹೇಳಿದನು. ಅವನು ಹೇಳಿದ್ದರಲ್ಲಿ ತಥ್ಯವಿದೆ. ಮಗಳು ವಿದೇಶದಲ್ಲಿ, ಮೊಮ್ಮಕ್ಕಳು ಹಾಸ್ಟೆಲಿನಲ್ಲಿ. ಮೂರನೆಯ ಸಾಲು ವರ್ಷದ ಬಹುಭಾಗ ಮಡಚಿಯೇ ಇರುತ್ತದೆ. ಅಲ್ಲಿ ತೆಂಗಿನಕಾಯಿ ಚೀಲಗಳು ಪ್ರಯಾಣ ಮಾಡುತ್ತವೆ. ಇಬ್ಬರು ಮುದುಕರಿಗೆ ಸಣ್ಣ ಕಾರು ಸಾಕು, ಹೊಗೆಯೂ ಕಡಿಮೆ. ಆದರೆ ನಮ್ಮ ಮನೆಯಾಕೆ ಒಪ್ಪಲಿಲ್ಲ. ಮದುವೆಯಾದ ಹೊಸತರಲ್ಲಿ ಜೀಪಿನ ಅಡ್ಡ ಬೆಂಚಿನಲ್ಲಿ ಕುಳಿತು ಶೃಂಗೇರಿಗೆ ಹೋದವಳು ಆಕೆ. 'ಮಕ್ಕಳು ಒಟ್ಟಿಗೆ ಬಂದಾಗ ಎರಡು ಕಾರಿನಲ್ಲಿ ಹೋಗುವುದು ನನ್ನಿಂದಾಗದು' ಎಂದಳು. ಆ ಮಾತಿಗೆ ಮಗನೂ ಎದುರಾಡಲಿಲ್ಲ. ಟಯರು, ಬ್ರೇಕು ಹೊಸದು ಹಾಕಿಸಿ, ತಪಾಸಣೆಗೆ ನಿಲ್ಲಿಸಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿ ಬಂದೆವು.